ಸಿಳ್ಳೆ ಬಾರದ ದುಭಾಷಿ

ದುಭಾಷಿಯ ಕೆಲಸಕ್ಕೆ ಸೇರಬೇಕೆನ್ನುವ ಹುಡುಗ ಹುಡುಗಿಯರು ಆಗಾಗ ನನಗೆ ಫೋನ್ ಮಾಡುತ್ತಾರೆ. ಯಾವ ಭಾಷೆ ಕಲಿತರೆ ಗಲ್ಫಿನಲ್ಲಿ ಕೆಲಸ ಸಿಗುತ್ತದೆ, ಫೋನುಗಳೇ ಅನುವಾದ ಮಾಡುವ ಈ ಕಾಲದಲ್ಲಿ ನಮಗೇನು ಉಳಿದಿದೆ ಎಂದೆಲ್ಲ ಕೇಳುತ್ತಾರೆ. ಅವರು ಕೇಳದ ಒಂದು ಸಂಗತಿಯಿದೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ: ಈ ಕೆಲಸದಲ್ಲಿ ಹೊಟ್ಟೆಕಿಚ್ಚು ಜಾಸ್ತಿ. ವರ್ಷಗಟ್ಟಲೆ ತಿಣುಕಿ ಕಲಿತ ಭಾಷೆಯನ್ನು ಇನ್ನೊಬ್ಬ ಬಂದು ನಗುನಗುತ್ತ ಮಾತಾಡಿಬಿಟ್ಟರೆ ಹೊಟ್ಟೆಯೊಳಗೆ ಏನಾಗುತ್ತದೆ ಎನ್ನುವುದು ಅನುಭವಿಸಿದವರಿಗೇ ಗೊತ್ತು. ನನಗೆ ಅದು ಒಮಾನಿನಲ್ಲಿ, ಎಣ್ಣೆ ಬೆಲೆ ನೆಲ ಕಚ್ಚಿದ ವರ್ಷಗಳಲ್ಲಿ ಆಯಿತು. ನಿವೃತ್ತಳಾಗಿ ಧಾರವಾಡದಲ್ಲಿ ಕೂತಿರುವ ನನಗೆ ಈಗ ಒಳ್ಳೆಯವಳಾಗಿ ಕಾಣಿಸಿಕೊಳ್ಳುವ ಆಸೆಯೇನೂ ಉಳಿದಿಲ್ಲ. ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ನನ್ನ ಹೆಸರು ಸುಮಂಗಲಾ. ಭಾಷಾಶಾಸ್ತ್ರದಲ್ಲಿ ಎಂ.ಎ. ಮಾಡಿ, ಮದುವೆಯಾಗಿ, ಗಂಡ ಶ್ರೀಧರರ ಜೊತೆ ಮಸ್ಕತ್ತಿಗೆ ಹೋದವಳು. ಅವರದು ನೀರಿನ ಪಂಪುಗಳ ಕಂಪನಿಯಲ್ಲಿ ಇಂಜಿನಿಯರ್ ಕೆಲಸ. ಅಲ್ ಮವಾಲೇಹ್‌ನಲ್ಲಿ, ತರಕಾರಿ ಮಾರುಕಟ್ಟೆಗೆ ನಡೆದೇ ಹೋಗಬಹುದಾದಷ್ಟು ಹತ್ತಿರ, ನಮ್ಮ ಫ್ಲ್ಯಾಟು. ಮಗಳು ಅನಘಾ ಶಾಲೆಗೆ ಹೋಗತೊಡಗಿದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾರದೆ ತುರ್ಕಿಯವರ ಒಂದು ಕಟ್ಟಡ ಕಂಪನಿಗೆ ಟೈಪಿಸ್ಟ್ ಆಗಿ ಸೇರಿದೆ. ಅಲ್ಲಿನ ಇಂಜಿನಿಯರುಗಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಮೇಸ್ತ್ರಿಗಳಿಗೆ ಅದೂ ಇಲ್ಲ. ಅವರು ತಮ್ಮತಮ್ಮಲ್ಲಿ ಆಡುವ ಮಾತಿಗೆ ಕಿವಿಗೊಡತೊಡಗಿದೆ.

ಕೇಳುತ್ತ ಹೋದ ಹಾಗೆ ಮೈ ಜುಮ್ಮೆಂದಿತು. ತುರ್ಕಿ ಭಾಷೆಯ ಮೈಕಟ್ಟು ನಮ್ಮ ಕನ್ನಡದ್ದೇ. ಮೊದಲು ಮೂಲ ಪದ, ಅದರ ಹಿಂದೆ ಒಂದೊಂದಾಗಿ ಬಾಲ. 'ಎವ್' ಎಂದರೆ ಮನೆ, 'ಎವ್ಲೆರ್' ಮನೆಗಳು, 'ಎವ್ಲೆರಿಮಿಜ್' ನಮ್ಮ ಮನೆಗಳು, 'ಎವ್ಲೆರಿಮಿಜ್ದೆನ್' ನಮ್ಮ ಮನೆಗಳಿಂದ. ಕ್ರಿಯಾಪದ ನಮ್ಮ ಹಾಗೇ ವಾಕ್ಯದ ಕೊನೆಗೆ ಬಂದು ಕೂರುತ್ತದೆ. ಧಾರವಾಡದಲ್ಲಿ ನನ್ನನ್ನು ಸುಮಂಗಲಾಬಾಯಿ ಅನ್ನುತ್ತಿದ್ದರು. ಇವರೂ ಮರ್ಯಾದೆಯನ್ನು ಹೆಸರಿನ ಹಿಂದೆಯೇ ಹಚ್ಚಿ ಸುಮಂಗಲಾ ಹಾನಿಮ್ ಎಂದರು. ಎಲ್ಲಕ್ಕಿಂತ ಹೆಚ್ಚಿನದು ಅವರ 'ಮಿಶ್'. ಕಣ್ಣಾರೆ ಕಂಡಿದ್ದರೆ 'ಗೆಲ್ದಿ', ಬಂದ. ಇನ್ನೊಬ್ಬರಿಂದ ಕೇಳಿದ್ದರೆ 'ಗೆಲ್ಮಿಶ್', ಬಂದನಂತೆ. ನಮ್ಮ 'ಅಂತೆ' ಅಲ್ಲಿ ಅಷ್ಟು ದೂರದಲ್ಲಿ ಕೂತಿತ್ತು. ಕಂಡುಕೊಂಡ ದಿನ ಯಾರಿಗೂ ಹೇಳಲಿಲ್ಲ. ತವರಿನ ಒಡವೆಯಂತೆ ಒಳಗಿಟ್ಟುಕೊಂಡೆ. ಟೈಪಿಸ್ಟ್ ಇದ್ದವಳು ಕೆಲವೇ ವರ್ಷಗಳಲ್ಲಿ ಕಂಪನಿಯ ತುರ್ಕಿ ದುಭಾಷಿಯಾದೆ. ಇಡೀ ಮಸ್ಕತ್ತಿನಲ್ಲಿ ಈ ಭಾಷೆಗೆ ನಾನೊಬ್ಬಳೇ ಕನ್ನಡತಿ ಎನ್ನುವ ಗರ್ವವೂ ಬಂತು.

ಗರ್ವ ಬಂದ ಮೇಲೆ ಎಡವಟ್ಟೂ ಬರಬೇಕಲ್ಲ. ನಮ್ಮ ಮೊದಲ ಮ್ಯಾನೇಜರು ಪ್ರತಿದಿನ ಬೆಳಿಗ್ಗೆ ಕೆಲಸಗಾರರ ಮುಂದೆ ನಿಂತು 'ಕೊಲಾಯ್ ಗೆಲ್ಸಿನ್' ಎಂದು ಮಾತು ಶುರುಮಾಡುತ್ತಿದ್ದರು. ನಿಮ್ಮ ಕೆಲಸ ಹಗುರಾಗಲಿ ಎಂದರ್ಥ. ದುಡಿಯುವವರನ್ನು ಕಂಡರೆ ತುರ್ಕಿಯವರು ಇದನ್ನು ಹೇಳದೆ ಮುಂದೆ ಹೋಗುವುದಿಲ್ಲ. ಅದರಲ್ಲಿ ವಿಷಯವೇನೂ ಇಲ್ಲ ಎಂದು ನಾನು ಅದನ್ನು ಬಿಟ್ಟು, ನೇರ ಕೆಲಸದ ಮಾತನ್ನಷ್ಟೇ ಹಿಂದಿಗೆ ತರುತ್ತಿದ್ದೆ. ಬಹಳ ದಿನಗಳ ಮೇಲೆ ಬಿಹಾರದ ಗಾರೆಯವನೊಬ್ಬ, "ಮೇಡಂ, ಸಾಹೇಬರು ದಿನಾ ಮೊದಲಿಗೆ ನಮ್ಮನ್ನು ಏನೆಂದು ಬೈಯುತ್ತಾರೆ? ನೀವು ಪಾಪ, ನಮಗೆ ಹೇಳುವುದೇ ಇಲ್ಲ" ಎಂದು ಕೇಳಿದ. ಹೊಸಬರೇ, ನಮಸ್ಕಾರವನ್ನು ನುಂಗಬೇಡಿ. ಆ ಹಾರೈಕೆ ನನ್ನ ಬಾಯಲ್ಲಿ ಬೈಗುಳವಾಗಿಬಿಟ್ಟಿತ್ತು.

ಇನ್ನು ನನ್ನ ಹೊಟ್ಟೆ ಉರಿಸಿದ ಕೋಟ್ಯಾನರ ಸಂಗತಿಗೆ ಬರುತ್ತೇನೆ.

ಇಬ್ರಿ ಪಟ್ಟಣ ದಾಟಿ ಮರುಭೂಮಿಯೊಳಗೆ ಬಹಳ ದೂರ ಹೋದಲ್ಲಿ ಕಂಪನಿಗೆ ಗ್ಯಾಸಿನ ದೊಡ್ಡ ಟ್ಯಾಂಕುಗಳನ್ನು ಕಟ್ಟುವ ಕೆಲಸ ಸಿಕ್ಕಿತು. ಕ್ರೇನ್ ನಡೆಸುವವರು ತುರ್ಕಿಯವರು. ಟ್ಯಾಂಕಿನ ಸುತ್ತ ಎತ್ತರಕ್ಕೆ ಕಬ್ಬಿಣದ ಅಟ್ಟಣಿಗೆ ಕಟ್ಟಲು ಲಾವೋಸ್ ದೇಶದ ಗುಡ್ಡಗಾಡಿನಿಂದ ಒಂದು ತಂಡ ಬಂತು. ಅವರನ್ನು ಮಾತಾಡಿಸಲೆಂದು ಕಂಪನಿ ದಿನೇಶ ಕೋಟ್ಯಾನ್ ಎನ್ನುವವರನ್ನು ತಂದಿತು. ಮುಲ್ಕಿಯ ಕಡೆಯವರು. ಮೊದಲು ಲಾವೋಸಿನ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದು ಅಲ್ಲಿನ ಭಾಷೆ ಕಲಿತಿದ್ದರು. ಬಂದು ನೋಡಿದರೆ ಈ ಗುಡ್ಡಗಾಡಿನವರ ಭಾಷೆ ಬೇರೆಯೇ, ಮೋಂಗ್ ಅಂತೆ. ಇನ್ನೊಬ್ಬರಾಗಿದ್ದರೆ ಕೈಚೆಲ್ಲಿ ಕೂರುತ್ತಿದ್ದರು. ಇವರು ಕ್ಯಾಂಪಿನಲ್ಲಿ ಆ ಜನರ ಸಾಲಿನಲ್ಲೇ ಕೋಣೆ ಕೇಳಿ ಪಡೆದು, ಅವರ ಜೊತೆ ಅಂಟು ಅನ್ನ ಉಂಡು, ಒಂದು ಬೇಸಿಗೆ ಕಳೆಯುವುದರೊಳಗೆ ಅವರ ಭಾಷೆಯಲ್ಲಿ ತಮಾಷೆ ಮಾಡುವಷ್ಟು ಕಲಿತರು. ಮೊದಲೇ ತುಳು, ಕೊಂಕಣಿ, ಬ್ಯಾರಿ, ಮಲಯಾಳಂ ಎಲ್ಲ ಆಡುವ ಮನುಷ್ಯ. ಮಸ್ಕತ್ತಿನ ನಮ್ಮ ಕನ್ನಡ ಸಂಘದಲ್ಲಿ ಭಜನೆ ಹಾಡಿದರೆ ಹೆಂಗಸರೆಲ್ಲ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ನಾನು ಧಾರವಾಡದವಳಾಗಿಯೂ ಸಂಗೀತದ ಮಾಸ್ತರು 'ನಿನ್ನ ಕಿವಿಗೂ ಗಂಟಲಿಗೂ ಮಾತಿಲ್ಲವ್ವ' ಎಂದು ಮನೆಗೆ ಕಳಿಸಿದ ಹುಡುಗಿ. ಕೋಟ್ಯಾನರ ಹಾಡು ಕೇಳಿದ ದಿನದಿಂದಲೇ ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ಆದರೆ ಕೆಲಸ ಇಬ್ಬರದೂ ಜೋಡಿ. ಅಟ್ಟಣಿಗೆಯ ತುದಿಯಲ್ಲಿ ನಿಂತ ನೆಂಗ್, ಅವನೇ ಆ ತಂಡದ ಮುಖ್ಯಸ್ಥ, ರೇಡಿಯೋದಲ್ಲಿ ಮೋಂಗ್ ಭಾಷೆಯಲ್ಲಿ ಏನೋ ಹೇಳುತ್ತಾನೆ. ಕೆಳಗೆ ಕೋಟ್ಯಾನ್ ಕೇಳಿಸಿಕೊಂಡು ನನ್ನ ಕಡೆ ತಿರುಗುತ್ತಾರೆ.

"ಸ್ವಲ್ಪ ಎಡಕ್ಕೆ ಬರ್ಬೇಕಂತೆ ಮೇಡಂ. ಆಮೇಲೆ ನಿಧಾನಕ್ಕೆ ಇಳಿಸ್ಲಿಕ್ಕೆ ಹೇಳ್ತಾ ಇದ್ದಾನೆ."

"ನಿಧಾನ ಅಂದ್ರ ಎಷ್ಟ್ ನಿಧಾನರೀ? ನಿಂತು ನಿಂತು ಇಳಸಬೇಕೋ ಒಂದ ಸವನ ಇಳಸಬೇಕೋ, ಕೇಳ್ರಿ."

ಕೇಳಿ ಹೇಳುತ್ತಾರೆ. ನಾನು ನನ್ನ ರೇಡಿಯೋದಲ್ಲಿ ತುರ್ಕಿಯಲ್ಲಿ ಕ್ರೇನಿನ ಇಸ್ಮಾಯಿಲ್ ಉಸ್ತಾನಿಗೆ ದಾಟಿಸುತ್ತೇನೆ. ಉಸ್ತಾ ಎಂದರೆ ಕೈಪಳಗಿದ ಮೇಸ್ತ್ರಿ. ಹೀಗೆ ಒಮಾನಿನ ಮರಳಿನ ಮೇಲೆ ತುರ್ಕಿ ಮತ್ತು ಮೋಂಗ್ ಭಾಷೆಗಳು ದಿನವಿಡೀ ಒಂದನ್ನೊಂದು ಮಾತಾಡಿಸಿದ್ದು ಕನ್ನಡದ ಮೂಲಕ. ಇಂಗ್ಲಿಷ್ ಬಳಸಿ ನೋಡಿದ್ದೆವು. ನಮ್ಮಿಬ್ಬರ ಇಂಗ್ಲಿಷೂ ಅವಸರದಲ್ಲಿ ಕೈಕೊಡುತ್ತಿತ್ತು. ಹುಬ್ಬಳ್ಳಿ–ಧಾರವಾಡದ 'ಅಂವಾ ಏನಂತಾನ' ಮತ್ತು ಮುಲ್ಕಿಯ 'ಎಂತದೋ ಉಂಟಂತೆ' ನಡುವೆ ಟನ್‌ಗಟ್ಟಲೆ ಉಕ್ಕು ಮೇಲೇರಿ ಜಾಗದಲ್ಲಿ ಕೂತಿದೆ.

ಬಿಡುವಿನಲ್ಲಿ ಇಬ್ಬರೂ ನಮ್ಮ ನಮ್ಮ ಭಾಷೆಯನ್ನು ಹೊಗಳಿಕೊಳ್ಳುತ್ತಿದ್ದೆವು. ನನ್ನ ತುರ್ಕಿ ಪದ ರೈಲಿನ ಹಾಗೆ ಡಬ್ಬಿ ಜೋಡಿಸುತ್ತ ಉದ್ದವಾಗುತ್ತದೆ. ಅವರ ಮೋಂಗ್ ಪದ ಒಂದೇ ಉಚ್ಚಾರಕ್ಕೆ ಮುಗಿಯುತ್ತದೆ. ಬಾಲವಿಲ್ಲ, ಬಹುವಚನವಿಲ್ಲ, ಕಾಲದ ಗುರುತಿಲ್ಲ. ಎಲ್ಲ ಇರುವುದು ಸ್ವರದಲ್ಲಿ. 'ಪೊ' ಎನ್ನುವ ಒಂದೇ ಸದ್ದನ್ನು ಏರಿಸಿದರೆ ಉಂಡೆ, ಇಳಿಸಿದರೆ ಹೆಣ್ಣು, ಇನ್ನೊಂದು ರೀತಿ ಎಳೆದರೆ ಮುಳ್ಳು, ಉಸಿರು ಬಿಟ್ಟು ಹೇಳಿದರೆ ಅಪ್ಪನ ತಾಯಿ, ಗಂಟಲಲ್ಲಿ ತಟಕ್ಕನೆ ನಿಲ್ಲಿಸಿದರೆ ನೋಡು. ಎಣಿಸುವಾಗ ವಸ್ತುವಿನ ಆಕಾರ ಹೇಳಬೇಕು: ಮನೆಗೂ ಹೆಲ್ಮೆಟ್ಟಿಗೂ ಒಂದು ಪದ, ಕೈಯಲ್ಲಿ ಹಿಡಿಯುವ ಹತಾರಕ್ಕೆ ಇನ್ನೊಂದು.

"ನಮ್ಮಲ್ಲಿ ಇಲ್ವಾ ಮೇಡಂ? ಮನುಷ್ಯರಿಗೆ ಇಬ್ಬರು, ವಸ್ತುವಿಗೆ ಎರಡು. ಅವರದ್ದು ಸ್ವಲ್ಪ ಜಾಸ್ತಿ, ಅಷ್ಟೇ" ಎಂದರು ಕೋಟ್ಯಾನ್.

ಇಷ್ಟು ಚೆನ್ನಾದ ಮಾತು ಭಾಷಾಶಾಸ್ತ್ರ ಓದಿದ ನನಗೆ ಯಾಕೆ ಹೊಳೆಯಲಿಲ್ಲ ಎಂದು ಆ ಇಡೀ ದಿನ ಉರಿದುಕೊಂಡೆ.

ಅಷ್ಟರಲ್ಲಿ ಎಣ್ಣೆ ಬೆಲೆ ಬಿತ್ತು. ಆ ವರ್ಷಗಳಲ್ಲಿ ಗಲ್ಫಿನಲ್ಲಿ ಇದ್ದವರಿಗೆ ವಿವರ ಬೇಕಿಲ್ಲ. ಮೊದಲು ಆಫೀಸಿನ ಚಹಾ ನಿಂತಿತು, ಆಮೇಲೆ ವರ್ಷದ ವಿಮಾನ ಟಿಕೆಟ್ಟು. ಸಂಘದ ಕಾರ್ಯಕ್ರಮಗಳಲ್ಲಿ ಪ್ರತಿಸಲ ಒಂದಿಷ್ಟು ಮುಖ ಕಡಿಮೆ. ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ಗಂಡಸರು ನಾಲ್ವರು ಕೂಡಿ ಒಂದು ಕೋಣೆಯಲ್ಲಿ ಇರತೊಡಗಿದರು. ಶ್ರೀಧರರ ಪಗಾರ ಅರ್ಧವಾಯಿತು. ಅನಘಾ ಆಗ ಹನ್ನೆರಡನೆಯ ತರಗತಿಗೆ ಕಾಲಿಟ್ಟಿದ್ದಳು. ಮನೆಯ ಬಾಡಿಗೆ, ಅವಳ ಶಾಲೆ ನಡೆಯುತ್ತಿದ್ದುದು ನನ್ನ ದುಡಿಮೆಯಿಂದ. ನನ್ನ ಕೆಲಸ ಹೋದರೆ ನಾನು ಅವಳನ್ನು ಕರೆದುಕೊಂಡು ಪರೀಕ್ಷೆಯ ವರ್ಷದ ನಡುವೆ ಊರಿಗೆ ಹೊರಡಬೇಕು, ಶ್ರೀಧರರು ಯಾರದೋ ಕೋಣೆಯ ಮೂಲೆ ಸೇರಬೇಕು.

ಹೊಸದಾಗಿ ಬಂದ ಮ್ಯಾನೇಜರು ಸೈಫ್ ಸಾಹೇಬರು, ಒಮಾನಿನವರೇ. ಮೃದು ಮನುಷ್ಯ. ನಮ್ಮಿಬ್ಬರನ್ನೂ ಕರೆದು, ಖರ್ಜೂರ ಮುಂದಿಟ್ಟು, ಚಿಕ್ಕ ಬಟ್ಟಲಿಗೆ ಕಾವಾ, ಅಂದರೆ ಅಲ್ಲಿನ ಕಾಫಿ, ಬಗ್ಗಿಸಿದರು. ಅವರು ಕಾವಾ ಬಗ್ಗಿಸಿದರೆ ಯಾರದೋ ಕೆಲಸ ಹೋಗುತ್ತದೆ ಎಂದು ಸೈಟಿನಲ್ಲಿ ಎಲ್ಲರಿಗೂ ಗೊತ್ತಿತ್ತು.

"ಒಂದು ಮಾತು ದಾಟಿಸಲು ಇಬ್ಬರು ಯಾಕೆ ಎಂದು ಮಸ್ಕತ್ ಆಫೀಸ್ ಕೇಳುತ್ತಿದೆ" ಎಂದರು ಹಿಂದಿಯಲ್ಲಿ. "ನನಗೆ ಉತ್ತರ ಕೊಡಲಾಗಲಿಲ್ಲ. ರಂಜಾನ್ ಮುಗಿಯುವವರೆಗೆ ಸಮಯ ತೆಗೆದುಕೊಂಡಿದ್ದೇನೆ. ಮೇಡಂ ಅಷ್ಟರಲ್ಲಿ ಮೋಂಗ್ ಕಲಿಯಲಿ, ಕೋಟ್ಯಾನ್, ನೀವು ತುರ್ಕಿ ಕಲಿಯಿರಿ. ಒಬ್ಬರೇ ಎರಡೂ ಮಾಡುವವರು ಇರುತ್ತಾರೆ. ಇನ್ನೊಬ್ಬರು, ಖಲಾಸ್. ಕ್ಷಮಿಸಿ."

ಹೊರಗೆ ಬಂದ ಮೇಲೆ ಕೋಟ್ಯಾನ್ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಎಂತ ಮಾಡುದು ಮೇಡಂ? ಜಗಳ ಮಾಡುವ ಹಾಗೂ ಇಲ್ಲ. ನಾನು ನೆಂಗ್‌ಗೆ ಹೇಳ್ತೇನೆ, ಅವನು ನಿಮಗೆ ಕಲಿಸ್ತಾನೆ."

"ನಾನೂ ಉಸ್ತಾಗ ಹೇಳ್ತೀನ್ರಿ" ಎಂದೆ. ಹೇಳಲಿಲ್ಲ. ಅವರೇ ಹೋಗಿ ಪರಿಚಯ ಮಾಡಿಕೊಂಡರು.

ಮೊದಲ ವಾರ ನನಗೆ ಧೈರ್ಯವಿತ್ತು. ನಾನು ಓದಿದವಳು, ಪದಗಳನ್ನು ಬರೆದುಕೊಂಡು, ಸ್ವರಗಳಿಗೆ ಗುರುತು ಹಾಕಿಕೊಂಡು ಕೂತೆ. ನೆಂಗ್ ತಾಳ್ಮೆಯಿಂದ 'ಪೊ' ಹೇಳಿಕೊಡುತ್ತಿದ್ದ. ನಾನು ಹೇಳಿದ್ದೆಲ್ಲ ಮುಳ್ಳೇ ಆಗುತ್ತಿತ್ತು. ಅವನ ಜೊತೆಯವರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಕಿವಿಗೂ ಗಂಟಲಿಗೂ ಮಾತಿಲ್ಲ ಎಂದ ಸಂಗೀತದ ಮಾಸ್ತರು ಎಲ್ಲೋ ಕೂತು ತಲೆಯಾಡಿಸಿದಂತೆ ಅನಿಸುತ್ತಿತ್ತು. ವಾರವಿಡೀ ಕ್ಯಾಂಪಿನಲ್ಲಿದ್ದು, ರಜೆಗೆಂದು ಗುರುವಾರ ಸಂಜೆ ಕಂಪನಿಯ ಬಸ್ಸಿನಲ್ಲಿ ಮಸ್ಕತ್ತಿನ ಮನೆಗೆ ಬಂದರೆ ಅಡುಗೆಮನೆಯಲ್ಲೂ ಅದೇ ಅಭ್ಯಾಸ.

"ಏನ್ ಅದು, ಕುಕ್ಕರ್ ಕೂಗಿಧಂಗ?" ಎಂದರು ಶ್ರೀಧರ.

"ಅಮ್ಮಾ, ಪ್ಲೀಸ್. ಐ ಹ್ಯಾವ್ ಎ ಪ್ರಾಜೆಕ್ಟ್" ಎಂದು ಅನಘಾ ಬಾಗಿಲು ಹಾಕಿಕೊಂಡಳು. ಯಾರ ಶಾಲೆಗಾಗಿ ಈ ಕಸರತ್ತು ಎಂದು ಅವಳಿಗೆ ಹೇಳಲಿಲ್ಲ.

ಕೋಟ್ಯಾನರ ತುರ್ಕಿ ಕಲಿಕೆ ಹೇಗೆ ಸಾಗಿತು ಎನ್ನುವುದೇ ನನ್ನನ್ನು ನಿಜವಾಗಿ ಸುಟ್ಟದ್ದು. ಸಂಜೆ ತುರ್ಕಿಯವರು ರಂಜಾನಿನ ಉಪವಾಸ ಬಿಟ್ಟ ಮೇಲೆ ಇವರು ಇಸ್ಮಾಯಿಲ್ ಉಸ್ತಾನ ಕೋಣೆಯೆದುರು ಚಹಾದ ಸಣ್ಣ ಗಾಜಿನ ಲೋಟ ಹಿಡಿದು ಕೂರುತ್ತಿದ್ದರು. ನನಗೆ ಉಸ್ತಾ ಇಷ್ಟು ವರ್ಷಗಳಲ್ಲಿ ಚಹಾ ಕೊಟ್ಟದ್ದು ಹಬ್ಬಕ್ಕೆ ಮಾತ್ರ, ಅದೂ ಎದ್ದು ನಿಂತು, ಹಾನಿಮ್ ಎಂದು. ಇವರ ಬೆನ್ನಿನ ಮೇಲೆ ಗುದ್ದಿ ನಗುತ್ತಿದ್ದ. ಒಂದು ದಿನ ಕೋಟ್ಯಾನ್ ಸೈಟಿನಲ್ಲಿ ನನ್ನ ಬಳಿ ಓಡಿಬಂದರು.

"ಮೇಡಂ, ನೀವು ಹೇಳಲೇ ಇಲ್ಲ ಮಾರಾಯ್ರೆ. ಇದು ನಮ್ಮ ಕನ್ನಡದ ಹಾಗೇ ಉಂಟಲ್ಲ? ನಾನು ಕನ್ನಡದಲ್ಲಿ ವಾಕ್ಯ ಮಾಡಿ ಹಾಗೆಯೇ ಇಡ್ತೇನೆ, ಸರಿ ಆಗ್ತದೆ. ಮತ್ತೆ ಅದೊಂದು ಮಿಶ್ ಉಂಟಲ್ಲ, ಅದು ನಮ್ಮ ಅಂತೆ. ಹೌದಾ ಅಲ್ವಾ?"

"ಹೌದ್ರಿ" ಎಂದೆ. ಹೊರಗಿನವನೊಬ್ಬ ನನ್ನ ಅಡುಗೆಮನೆಗೆ ನೇರ ಬಂದು, ಕೇಳದೆಯೇ ಉಪ್ಪಿನ ಡಬ್ಬಿ ತೆಗೆದ ಹಾಗಾಯಿತು. ಅವರು ಹೊರಗಿನವರೂ ಅಲ್ಲ. ಅದೇ ಕನ್ನಡ, ಅದೇ ಬೀಗದ ಕೈ. ಇಷ್ಟು ವರ್ಷ ನನ್ನ ಜಾಣತನ ಎಂದುಕೊಂಡದ್ದು ಕನ್ನಡ ಬಲ್ಲ ಯಾರಿಗಾದರೂ ಸಿಗುವಂಥದ್ದು ಎಂದು ಆ ಬಿಸಿಲಿನಲ್ಲಿ ತಿಳಿಯಿತು. ನಾನು ಅವರ ಭಾಷೆಯ ಹೊರಗೆ ನಿಂತು ಬಾಗಿಲು ಬಡಿಯುತ್ತಿದ್ದೆ, ಅವರು ನನ್ನದರೊಳಗೆ ಕಾಲು ಚಾಚಿ ಕೂತಿದ್ದರು. ಕಲಿತದ್ದು ಕಲಿತರು, ಬಂದು ನನಗೇ ಖುಷಿಯಿಂದ ಹೇಳಬೇಕೆ?

ಇದರ ಮಧ್ಯೆ ರೇಡಿಯೋಗಳು ಕೆಡತೊಡಗಿದವು. ಗ್ಯಾಸಿನ ಕೆಲಸದಲ್ಲಿ ಕಿಡಿ ಹಾರದ ವಿಶೇಷ ರೇಡಿಯೋಗಳೇ ಬೇಕು. ಕೆಟ್ಟವು ದುರಸ್ತಿಗೆಂದು ಮಸ್ಕತ್ತಿಗೆ ಹೋದರೆ ವಾಪಸು ಬರುತ್ತಿರಲಿಲ್ಲ. ಉಳಿದದ್ದು ಕೂಗಾಟ ಮತ್ತು ಕೈಸನ್ನೆ. ಧೂಳು ಎದ್ದರೆ ಕೈಸನ್ನೆಯೂ ಇಲ್ಲ, ಕೆಲಸ ನಿಂತೇ ಹೋಗುತ್ತಿತ್ತು.

ಅಂಥ ಒಂದು ಧೂಳಿನ ಬೆಳಿಗ್ಗೆ ಕೆಲಸ ನಿಂತಾಗ ಇಸ್ಮಾಯಿಲ್ ಉಸ್ತಾ ಬೇಸರಕ್ಕೆ ಎರಡು ಬೆರಳು ಬಾಯಿಗಿಟ್ಟು ಉದ್ದಕ್ಕೆ ಸಿಳ್ಳೆ ಹೊಡೆದ. ಸುಮ್ಮನೆ ಸಿಳ್ಳೆಯಲ್ಲ, ಏರಿಳಿದು, ಮುರಿದು, ಮಾತಿನ ಉದ್ದಕ್ಕೆ ಇತ್ತು. ಅವನದು ಕರಿಸಮುದ್ರದ ಬದಿಯ ಬೆಟ್ಟದ ಹಳ್ಳಿ. ಅಲ್ಲಿ ಕಣಿವೆಯ ಈ ಕಡೆಯಿಂದ ಆ ಕಡೆಗೆ ಜನ ತುರ್ಕಿಯನ್ನೇ ಸಿಳ್ಳೆಯಲ್ಲಿ ಆಡುತ್ತಾರೆ, ಚಹಾಕ್ಕೆ ಬಾ ಎನ್ನುವುದರಿಂದ ಹಿಡಿದು ಸಾವಿನ ಸುದ್ದಿಯವರೆಗೆ. ಬಾಯೊಳಗೆ ನಾಲಗೆ ಮಾತಿನ ಆಕಾರವನ್ನೇ ಹಿಡಿದಿರುತ್ತದೆ, ಬರುವುದು ಮಾತ್ರ ಸಿಳ್ಳೆ. ಇದನ್ನೆಲ್ಲ ಆಮೇಲೆ ಅವನೇ ನನಗೆ ವಿವರಿಸಿದ. ಆ ಕ್ಷಣಕ್ಕೆ ನನಗೆ ಒಂದು ಪದವೂ ತಿಳಿಯಲಿಲ್ಲ, ನಾನು, ತುರ್ಕಿಯ ದುಭಾಷಿ.

ಅಟ್ಟಣಿಗೆಯ ಮೇಲೆ ಧೂಳಿನೊಳಗಿನಿಂದ ಇನ್ನೊಂದು ಸಿಳ್ಳೆ ಕೇಳಿಸಿತು. ಸಣ್ಣದು, ದುಂಡನೆಯದು, ಹಾಡಿನಂಥದ್ದು. ನೆಂಗ್. ಅವರ ಬೆಟ್ಟಗಳಲ್ಲೂ ಸಿಳ್ಳೆಯ ಮಾತಿದೆ. ಎಲೆ ತುಟಿಗಿಟ್ಟೂ ಊದುತ್ತಾರೆ. ಪದಪದಕ್ಕೂ ಸ್ವರವಿರುವ ಭಾಷೆಯಾದ್ದರಿಂದ ಸ್ವರವನ್ನಷ್ಟೇ ಕಳಿಸಿದರೆ ಕೇಳುವವರು ಪದ ತುಂಬಿಕೊಳ್ಳುತ್ತಾರೆ.

"ಏನಂದ ಅಂವಾ?" ಎಂದೆ.

ಕೋಟ್ಯಾನ್ ತಲೆಯಾಡಿಸಿದರು. "ನಂಗೂ ಗೊತ್ತಾಗ್ಲಿಲ್ಲ ಮೇಡಂ. ಇದನ್ನು ಅವರು ಕಲಿಸ್ಲೇ ಇಲ್ಲ."

ಅವರಿಗೂ ಗೊತ್ತಾಗಲಿಲ್ಲ ಎಂದು ಕೇಳಿ ನನಗಾದ ಸಂತೋಷ ಹೇಳತೀರದು.

ಉಸ್ತಾ, ನೆಂಗ್ ಇಬ್ಬರಲ್ಲಿ ಒಬ್ಬರ ಸಿಳ್ಳೆ ಇನ್ನೊಬ್ಬರಿಗೆ ತಿಳಿಯುವುದು ಸಾಧ್ಯವೇ ಇರಲಿಲ್ಲ. ಒಬ್ಬನದು ನಾಲಗೆಯ ಆಕಾರ, ಇನ್ನೊಬ್ಬನದು ಸ್ವರದ ಏರಿಳಿತ. ಆದರೂ ಬಿಡಲಿಲ್ಲ. ದಿನಾ ಬಿಡುವಿನಲ್ಲಿ ಆಚೆಯಿಂದ ಒಂದು, ಈಚೆಯಿಂದ ಒಂದು. ಮೊದಲು ನಗುವುದಕ್ಕೆ, ಆಮೇಲೆ ಕೈಸನ್ನೆ ಮಾಡುವಾಗ ಜೊತೆಗೆ. ಮೇಲಕ್ಕೆ ಎನ್ನುವ ಕೈಗೆ ಒಂದು ಸಿಳ್ಳೆ, ನಿಲ್ಲಿಸು ಎನ್ನುವುದಕ್ಕೆ ಇನ್ನೊಂದು. ಉಸ್ತಾನದು ಸ್ವಲ್ಪ, ನೆಂಗ್‌ನದು ಸ್ವಲ್ಪ ಸೇರಿ ಇಬ್ಬರದೂ ಅಲ್ಲದ ಮಾತೊಂದು ಅವರ ನಡುವೆ ಹುಟ್ಟಿಕೊಂಡಿತು. ಅದರಲ್ಲಿ ತುರ್ಕಿಯೂ ಇರಲಿಲ್ಲ, ಮೋಂಗೂ ಇರಲಿಲ್ಲ, ಕನ್ನಡವಂತೂ ಮೊದಲೇ ಇಲ್ಲ. ನಾವು ಕೆಳಗೆ ಕತ್ತು ಎತ್ತಿ ನಿಂತಿರುತ್ತಿದ್ದೆವು. ಮಾತು ನಮ್ಮ ತಲೆಯ ಮೇಲಿಂದ ಹಾದು ಹೋಗುತ್ತಿತ್ತು.

ನನಗೆ ಆ ಇಬ್ಬರ ಮೇಲೂ ಹೊಟ್ಟೆಕಿಚ್ಚಾಯಿತು. ಯಾರನ್ನೂ ಕೇಳದೆ, ಯಾವ ಪುಸ್ತಕವೂ ಇಲ್ಲದೆ, ಮಾತಾಡಬೇಕು ಎನ್ನುವ ಬಯಕೆಯಿಂದಲೇ ಮಾತು ಮಾಡಿಕೊಂಡರಲ್ಲ ಎಂದು. ಮನೆಯಲ್ಲಿ ಸ್ನಾನದ ಕೋಣೆಯ ಬಾಗಿಲು ಹಾಕಿಕೊಂಡು ಎರಡು ಬೆರಳು ಬಾಯಿಗಿಟ್ಟು ಊದಿ ನೋಡಿದೆ. ಬರೀ ಗಾಳಿ ಬಂತು.

ರಂಜಾನ್ ಮುಗಿದು ಹಬ್ಬದ ರಜೆ ಕಳೆದ ಮೇಲೆ ಸೈಫ್ ಸಾಹೇಬರು ಪರೀಕ್ಷೆ ಇಟ್ಟರು. ಬೆಳಗಿನ ಸುರಕ್ಷತೆಯ ಮಾತನ್ನು ಕೋಟ್ಯಾನ್ ತುರ್ಕಿಯವರಿಗೆ ಹೇಳಬೇಕು, ನಾನು ಮೋಂಗ್ ತಂಡಕ್ಕೆ. ಮೊದಲು ಅವರದು. 'ಕೊಲಾಯ್ ಗೆಲ್ಸಿನ್' ಎಂದೇ ಶುರುಮಾಡಿದರು. ಅಲ್ಲಲ್ಲಿ ಬಾಲ ತಪ್ಪಿತು, ತಪ್ಪಿದ ಕಡೆ ತಾವೇ ನಕ್ಕರು, ಎಲ್ಲರೂ ನಕ್ಕರು. ಹಗ್ಗ, ಕೊಕ್ಕೆ, ಗಾಳಿ, ಹೆಲ್ಮೆಟ್ ಎಲ್ಲ ಬಂತು. ಇಸ್ಮಾಯಿಲ್ ಉಸ್ತಾ ಮದುವೆಮನೆಯ ಹಿರಿಯನಂತೆ ಕೈಕಟ್ಟಿ ನಿಂತು ಮೆಚ್ಚಿಕೊಳ್ಳುತ್ತಿದ್ದ.

ನಾನು ಮೋಂಗ್ ತಂಡದ ಮುಂದೆ ನಿಂತೆ. ಬಾಯಿಪಾಠ ಮಾಡಿದ್ದನ್ನು ಹೇಳತೊಡಗಿದೆ. ಯಾರೂ ನಗಲಿಲ್ಲ. ಆದರೆ ನಾನು ಒಂದೊಂದು ವಾಕ್ಯ ಮುಗಿಸಿದಾಗಲೂ ಹಿಂದಿನಿಂದ ನೆಂಗ್ ಅದನ್ನೇ ಮೆಲ್ಲಗೆ, ಸರಿಯಾದ ಸ್ವರದಲ್ಲಿ ತಿರುಗಿ ಹೇಳುತ್ತಿದ್ದ. ಜನ ನನ್ನನ್ನು ನೋಡುತ್ತ ಅವನನ್ನು ಕೇಳುತ್ತಿದ್ದರು. ಸಾಹೇಬರಿಗೆ ಭಾಷೆ ಬಾರದಿದ್ದರೂ ಕಣ್ಣಿತ್ತು. ಅನಘಾಳ ಶಾಲೆಯಿಂದ ವರ್ಗಾವಣೆ ಪತ್ರ ಹೇಗೆ ಕೇಳುವುದು ಎಂದು ನಾನು ಅಲ್ಲೇ ನಿಂತು ಯೋಚಿಸತೊಡಗಿದ್ದೆ.

ಅದೇ ಮುಂಜಾನೆ ಗಾಳಿ ಎದ್ದಿತು. ಟ್ಯಾಂಕಿನ ಮೇಲ್ಭಾಗಕ್ಕೆ ಒಂದು ಉಕ್ಕಿನ ಹಾಳೆ ಹೋಗಬೇಕಿತ್ತು. ಪರೀಕ್ಷೆಯ ಗಡಿಬಿಡಿಯಲ್ಲಿ ನಾವಿಬ್ಬರೂ ಸಾಹೇಬರ ಕೋಣೆಯಲ್ಲಿದ್ದೆವು. ಫಲಿತಾಂಶ ಹೇಳಲೆಂದು ಅವರು ಕಾವಾದ ಹೂಜಿಗೆ ಕೈ ಹಾಕುವಷ್ಟರಲ್ಲಿ ಹೊರಗೆ ಕ್ರೇನಿನ ಸದ್ದು ಕೇಳಿಸಿತು. ಮೂವರೂ ಹೊರಗೆ ಓಡಿದೆವು. ಧೂಳಿನಲ್ಲಿ ಹಾಳೆ ಮೇಲೇರುತ್ತಿತ್ತು. ಮೇಲಿಂದ ದುಂಡನೆಯ ಸಿಳ್ಳೆ ಬಂದರೆ ಹಾಳೆ ನಿಲ್ಲುತ್ತಿತ್ತು, ಕ್ರೇನಿನಿಂದ ಉದ್ದನೆಯದು ಹೋದರೆ ಮೇಲಿನವರು ಹಗ್ಗ ಎಳೆಯುತ್ತಿದ್ದರು. ಕೆಳಗೆ ನಾವು ನಿಲ್ಲುತ್ತಿದ್ದ ಜಾಗದಲ್ಲಿ ಯಾರೂ ಇರಲಿಲ್ಲ. ಹಾಳೆ ತನ್ನ ಜಾಗದಲ್ಲಿ ಕೂತಿತು.

ಸಾಹೇಬರು ಅವರಿಬ್ಬರಿಗೂ ಬೈದರು, ಅನುಮತಿಯಿಲ್ಲದೆ ಎತ್ತಿದ್ದಕ್ಕೆ. ಮರುದಿನ ಸುರಕ್ಷತೆಯ ಅಧಿಕಾರಿಯನ್ನು ಕರೆಸಿ, ಸಿಳ್ಳೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ನಿಯಮದೊಳಗೆ ಸೇರಿಸಿದರು. ಹೊಸ ರೇಡಿಯೋ ಬೇಕಿಲ್ಲ ಎಂದು ಮಸ್ಕತ್ತಿನವರು ಖುಷಿಪಟ್ಟರಂತೆ.

ಕಾವಾ ಮತ್ತೆ ಬಗ್ಗಿಸಲಾಯಿತು. ಈ ಸಲ ಸಾಹೇಬರು ನಮ್ಮ ಮುಖ ನೋಡಲಿಲ್ಲ.

"ಪರೀಕ್ಷೆಯಲ್ಲಿ ಕೋಟ್ಯಾನ್ ಚೆನ್ನಾಗಿ ಮಾಡಿದರು. ಆದರೆ ಅಟ್ಟಣಿಗೆಯವರ ಮಾತು ಈಗ ಸಿಳ್ಳೆಯಲ್ಲೇ ನಡೆಯುತ್ತದೆ. ಅವರ ಕೆಲಸವೂ ಇನ್ನು ಹೆಚ್ಚು ದಿನ ಇಲ್ಲ. ಮಸ್ಕತ್ ಆಫೀಸಿಗೆ ತುರ್ಕಿಯ ಕಾಗದಪತ್ರ ಓದಿ ಬರೆಯುವವರು ಬೇಕಂತೆ. ಅದು ಮೇಡಂ ಒಬ್ಬರಿಗೇ ಬರುತ್ತದೆ." ಹೂಜಿಯನ್ನು ಪಕ್ಕಕ್ಕಿಟ್ಟು ಹೇಳಿದರು, "ಕೋಟ್ಯಾನ್, ಖಲಾಸ್."

ಕೋಟ್ಯಾನ್ ಖರ್ಜೂರದ ಬೀಜವನ್ನು ತಟ್ಟೆಯಲ್ಲಿ ಮೆಲ್ಲಗೆ ಇಟ್ಟರು. "ಸರಿ ಸರ್" ಎಂದರು. ನನ್ನ ಕಡೆ ತಿರುಗಿ, "ನಿಮ್ಮ ಮಗಳ ಪರೀಕ್ಷೆ ಆಗ್ತದಲ್ಲ ಮೇಡಂ, ಒಳ್ಳೇದಾಯ್ತು" ಎಂದರು. ಅನಘಾಳ ವಿಷಯ ನಾನು ಅವರಿಗೆ ಯಾವತ್ತೂ ಹೇಳಿರಲಿಲ್ಲ. ಯಾರಿಂದಲೋ ಕೇಳಿ ತಿಳಿದಿದ್ದರು.

ಸೋತ ನಾನು ಉಳಿದೆ, ಗೆದ್ದ ಅವರು ಹೊರಟರು. ಮನೆಗೆ ಫೋನ್ ಮಾಡಿದಾಗ ಶ್ರೀಧರರು, "ಪಾರಾದ್ವಿ ನೋಡು" ಎಂದು ಉಸಿರು ಬಿಟ್ಟರು. ನನಗೂ ಪಾರಾದೆವು ಅನಿಸಿತು. ಅವರ ಮೇಲಿನ ಉರಿ ಮಾತ್ರ ಹಾಗೇ ಇತ್ತು. ಕೆಲಸ ಉಳಿದದ್ದು ನನ್ನ ಕೈಯಿಂದಲ್ಲ ಎಂದು ಗೊತ್ತಿದ್ದಾಗ ಉರಿ ಇನ್ನೂ ಜಾಸ್ತಿ.

ಹೊರಡುವ ದಿನ ಬೆಳಿಗ್ಗೆ ಕ್ಯಾಂಪಿನ ಗೇಟಿನಲ್ಲಿ ಕಾರು ನಿಂತಿತ್ತು. ಮೋಂಗ್ ತಂಡದವರು ಸಾಲಾಗಿ ಬಂದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಬಿಳಿಯ ನೂಲು. ಹಾರೈಸುತ್ತ, ತಮ್ಮ ಭಾಷೆಯಲ್ಲಿ ಏನೋ ಮೆಲ್ಲಗೆ ಹೇಳುತ್ತ, ಕೋಟ್ಯಾನರ ಮಣಿಕಟ್ಟಿಗೆ ಕಟ್ಟಿದರು. ದೂರ ಹೋಗುವವರ ಜೀವ ದಾರಿಯಲ್ಲಿ ಚೆದುರದಿರಲಿ ಎಂದು ಅವರು ಹಾಗೆ ಕಟ್ಟುತ್ತಾರಂತೆ. ಎರಡೂ ಮಣಿಕಟ್ಟು ಮುಂಗೈಯವರೆಗೆ ಬೆಳ್ಳಗಾದವು. ಕೊನೆಯವನು ನೆಂಗ್. ಅವನು ಹೇಳಿದ್ದರಲ್ಲಿ ನನಗೆ ಒಂದೇ ಪದ ತಿಳಿಯಿತು, 'ಪೊ', ನೋಡು ಎನ್ನುವುದು.

ನಾನು ನನ್ನ ಬರಿಗೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ನಿಂತಿದ್ದೆ. ಇಷ್ಟು ವರ್ಷ ಇಷ್ಟು ಜನರ ಮಾತು ದಾಟಿಸಿದ್ದೇನೆ, ನನ್ನ ಕೈಗೆ ಯಾರೂ ಒಂದು ಎಳೆ ಕಟ್ಟಿಲ್ಲ. ಆ ನೂಲುಗಳಲ್ಲಿ ಒಂದನ್ನಾದರೂ ಕಿತ್ತುಕೊಳ್ಳಬೇಕು ಅನಿಸಿತು. ನಿಜವಾಗಿಯೂ ಅನಿಸಿತು.

ಕಾರು ಚಾಲೂ ಆಯಿತು. ಇಸ್ಮಾಯಿಲ್ ಉಸ್ತಾ ಕ್ಯಾಂಟೀನಿನಿಂದ ದೊಡ್ಡ ಜಗ್ ತುಂಬ ನೀರು ತಂದಿದ್ದ. ಕಾರು ಹೊರಟದ್ದೇ ಅದರ ಹಿಂದೆ ಮರಳಿನ ಮೇಲೆ ನೀರು ಚೆಲ್ಲಿದ. ಹೋಗುವವರ ಬೆನ್ನಹಿಂದೆ ತುರ್ಕಿಯವರು ಹೀಗೆ ನೀರು ಚೆಲ್ಲುತ್ತಾರೆ; ನೀರಿನ ಹಾಗೆ ಸರಾಗ ಹೋಗು, ನೀರಿನ ಹಾಗೆ ಸರಾಗ ಬಾ ಎಂದು. ಅದು ನನ್ನ ತುರ್ಕಿ. ಅಷ್ಟು ಪ್ರೀತಿಯ ಮಾತನ್ನು ಅದರಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಕಾರಿನ ಕಿಟಕಿಯಿಂದ ಬಿಳಿ ನೂಲಿನ ಕೈ ಹೊರಬಂತು. 'ಹೊಶ್ಚಾ ಕಾಲ್ ಉಸ್ತಾ' ಎಂದು ಕೋಟ್ಯಾನ್ ಕೂಗಿದರು, ಸುಖವಾಗಿರು ಎಂದು. ಉಚ್ಚಾರದಲ್ಲಿ ಒಂದು ತಪ್ಪಿಲ್ಲ. ಕಾರು ಇಬ್ರಿಯ ರಸ್ತೆ ಹಿಡಿಯಿತು.

ಉಸ್ತಾ ಖಾಲಿ ಜಗ್ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದ. ನೆಂಗ್ ನನ್ನ ಹತ್ತಿರ ಬಂದು, ಒದ್ದೆ ಮರಳಿನ ಕಡೆ ಬೆರಳು ತೋರಿಸಿ, ಏನೋ ಕೇಳಿದ. ಯಾಕೆ ನೀರು ಚೆಲ್ಲಿದರು ಎಂದಿರಬೇಕು. ಅದಕ್ಕೆ ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು, ಅವನ ಭಾಷೆಯಲ್ಲಿ ಬಾಯಿಗೆ ಬರಲಿಲ್ಲ.

"ಇಂವಗ ಹೇಳ್ರಿ ಕೋಟ್ಯಾನ್, ನೀರಿನ್ಹಂಗ ಹೋಗಿ ನೀರಿನ್ಹಂಗ ಬಾ ಅಂತ" ಎನ್ನುತ್ತ, ಅವರು ದಿನಾ ನಿಲ್ಲುತ್ತಿದ್ದ ಪಕ್ಕಕ್ಕೆ ತಿರುಗಿದೆ.